ಗರಿ ಕಟ್ಟಿದ ಕೈ, ಬೆಲೆ ಕಟ್ಟಿದ ಚೀಟಿ
ಗಾಳದ ‘ಫ್ಲೈ’ಗಳ ಸಂಗ್ರಹ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ವಿಷಯ ಮತ್ತು ವ್ಯಾಪ್ತಿ

ಗಾಳಕ್ಕೆ ಎರೆಹುಳು ಸಿಕ್ಕಿಸುವುದನ್ನು ನಾವೆಲ್ಲ ನೋಡಿದ್ದೇವೆ. ಬಿಳಿಮೀನಿಗೆ ರಾಗಿಹಿಟ್ಟಿನ ಉಂಡೆ ಸಿಕ್ಕಿಸುವುದು ಕಾವೇರಿ ದಂಡೆಯವರಿಗೆ ಚೆನ್ನಾಗಿ ಗೊತ್ತು. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಅಮೆರಿಕದ ಟ್ರೌಟ್, ಸಾಲ್ಮನ್ ಹೊಳೆಗಳ ಬದಿಯಲ್ಲಿ ಬೆಳೆದ ಪದ್ಧತಿ ಬೇರೆ. ಅಲ್ಲಿ ಗಾಳದ ಮೇಲೆ ಗರಿ, ಉಣ್ಣೆ, ರೇಷ್ಮೆ ನೂಲುಗಳನ್ನು ಸುತ್ತಿ ಬಿಗಿದು, ತಿನ್ನಲು ಏನೂ ಇಲ್ಲದ ಆ ವಸ್ತುವನ್ನು ಹುಳುವೆಂದು ಮೀನು ನಂಬುವಂತೆ ನೀರಿನ ಮೇಲೆ ಇಳಿಸುತ್ತಾರೆ. ಅದರ ಹೆಸರು ‘ಫ್ಲೈ’. ಕನ್ನಡದಲ್ಲಿ ‘ನೊಣ’ ಎಂದರೆ ಅರ್ಥ ಕಿರಿದಾಗುತ್ತದೆ, ಏಕೆಂದರೆ ಕೆಲವು ಫ್ಲೈಗಳು ಮರಿಮೀನನ್ನು ಹೋಲುತ್ತವೆ, ಇನ್ನು ಕೆಲವು ಭೂಮಿಯ ಮೇಲಿನ ಯಾವ ಜೀವಿಯನ್ನೂ ಹೋಲುವುದಿಲ್ಲ. ಹೀಗಾಗಿ ‘ಫ್ಲೈ’ ಎಂಬ ಪದವನ್ನೇ ಉಳಿಸಿಕೊಂಡಿದ್ದೇನೆ. ಅದನ್ನು ಮಾಡುವ ಕೆಲಸಕ್ಕೆ ಮಾತ್ರ ನಮ್ಮಲ್ಲೇ ಒಳ್ಳೆಯ ಮಾತಿದೆ: ಕಟ್ಟುವುದು. ಹೂ ಕಟ್ಟುವವರಿಗೆ ಇರುವ ಬಂಡವಾಳವೇ ಇಲ್ಲಿಯೂ: ಬೆರಳು, ನೂಲು, ಬಿಗಿ. ಕೊನೆಯ ಗಂಟು ಸಡಿಲಿದರೆ ಪೂರ್ತಿ ಕೆಲಸ ಬಿಚ್ಚಿಹೋಗುತ್ತದೆ.

ಈ ಪದ್ಧತಿಯ ಮೊದಲ ಸ್ಪಷ್ಟ ವರ್ಣನೆ ಸುಮಾರು ಕ್ರಿ.ಶ. 200ರದು. ರೋಮಿನ ಬರಹಗಾರ ಏಲಿಯನ್ ಪ್ರಾಣಿಗಳ ಕುರಿತ ತನ್ನ ಗ್ರೀಕ್ ಗ್ರಂಥದಲ್ಲಿ ಮ್ಯಾಸಿಡೋನಿಯದ ಬೆಸ್ತರ ಸಂಗತಿ ಬರೆದಿದ್ದಾನೆ. ಹೊಳೆಯ ಮೀನುಗಳು ಒಂದು ಹಾರುವ ಹುಳುವಿಗೆ ಆಸೆಪಡುತ್ತವೆ. ಆದರೆ ಆ ಹುಳುವಿಗೆ ಮನುಷ್ಯನ ಕೈ ತಾಗಿದರೆ ಬಣ್ಣ ಕೆಟ್ಟು ರೆಕ್ಕೆ ಮುದುಡುತ್ತದೆ. ಅದಕ್ಕೆ ಬೆಸ್ತರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಜೋಲಿನ ಕೆಳಗಿನ ಮೇಣದ ಬಣ್ಣದ ಎರಡು ಗರಿ ಕಟ್ಟುತ್ತಾರೆ. ಇಂಗ್ಲಿಷಿನಲ್ಲಿ ಇಂಥ 12 ಫ್ಲೈಗಳ ಪಟ್ಟಿ 1496ರಲ್ಲಿ ವಿಂಕಿನ್ ಡಿ ವರ್ಡ್ ಅಚ್ಚು ಹಾಕಿದ ಗಾಳವಿದ್ಯೆಯ ಪ್ರಬಂಧದಲ್ಲಿ ದೊರೆಯುತ್ತದೆ.

ಈ ಟಿಪ್ಪಣಿಯ ಪ್ರಶ್ನೆ ಚಿಕ್ಕದು. ಕಿರುಬೆರಳಿನ ಉದ್ದವೂ ಇಲ್ಲದ ಇಂಥ ವಸ್ತುವನ್ನು ಕೂಡಿಡುವವರು ನಿಜವಾಗಿ ಏನನ್ನು ಕೂಡಿಡುತ್ತಾರೆ? ಮಾದರಿ ಒಂದೇ ಆಗಿರುವ ಎರಡು ಫ್ಲೈಗಳಲ್ಲಿ ಒಂದು ಅಂಗಡಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ, ಇನ್ನೊಂದು ಹರಾಜಿನಲ್ಲಿ ನೂರಾರು ಡಾಲರ್ ಮುಟ್ಟುತ್ತದೆ. ಮೂರನೆಯದೊಂದಕ್ಕೆ ಪೇಟೆಯಲ್ಲಿ ಕಾಸಿನ ಬೆಲೆಯಿಲ್ಲ. ಮನೆಯವರು ಮಾತ್ರ ಅದನ್ನು ಯಾರಿಗೂ ಕೊಡರು. ನನ್ನ ವಾದವಿಷ್ಟು: ಫ್ಲೈ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಬಹಳ ಕಡಿಮೆ. ಆದ್ದರಿಂದ ಹಣದ ಬೆಲೆ ಅದರ ಪಕ್ಕದ ಚೀಟಿಯ ಮೇಲೆ ನಿಲ್ಲುತ್ತದೆ, ಮಮತೆ ಅದರ ಸವೆತದ ಮೇಲೆ ನಿಲ್ಲುತ್ತದೆ. ಇವೆರಡೂ ಸಾಮಾನ್ಯವಾಗಿ ಒಂದೇ ಫ್ಲೈಯಲ್ಲಿ ಕೂಡಿಬರುವುದಿಲ್ಲ.

2. ಒಂದು ಫ್ಲೈಯನ್ನು ಹತ್ತಿರದಿಂದ

ಉದಾಹರಣೆಗೆ ‘ಜಾಕ್ ಸ್ಕಾಟ್’ ಎಂಬ ಸಾಲ್ಮನ್ ಫ್ಲೈಯನ್ನು ತೆಗೆದುಕೊಳ್ಳೋಣ. 19ನೆಯ ಶತಮಾನದ ನಡುವಿನಲ್ಲಿ ಲಾರ್ಡ್ ಜಾನ್ ಸ್ಕಾಟ್ ಎಂಬ ಸ್ಕಾಟಿಷ್ ಶ್ರೀಮಂತರ ಬಳಿ ಕೆಲಸಕ್ಕಿದ್ದ ಜಾಕ್ ಸ್ಕಾಟ್ ಇದನ್ನು ಮೊದಲು ಕಟ್ಟಿದ್ದರಿಂದ ಈ ಹೆಸರು. ಜಾರ್ಜ್ ಕೆಲ್ಸನ್ 1895ರಲ್ಲಿ ಪ್ರಕಟಿಸಿದ ‘ದಿ ಸಾಲ್ಮನ್ ಫ್ಲೈ’ ಗ್ರಂಥದಿಂದ ಇಂಥ ಮಾದರಿಗಳಿಗೆ ಶಾಸ್ತ್ರದ ಪಟ್ಟ ಸಿಕ್ಕಿತು.

ಬಾಲದಿಂದ ಮುಂದಕ್ಕೆ ನೋಡುತ್ತ ಹೋಗಬೇಕು. ಬಾಲದಲ್ಲಿ ಬಂಗಾರದ ಫೆಸೆಂಟಿನ ಜುಟ್ಟಿನ ಹಳದಿ ಎಳೆ. ಆ ಹಕ್ಕಿ ಚೀನಾದ್ದು. ಅದರ ಮೇಲೆ ‘ಇಂಡಿಯನ್ ಕ್ರೋ’ ಎಂದು ಕಸುಬಿನವರು ಕರೆಯುವ ಕಿತ್ತಳೆಗೆಂಪು ಗರಿಯ ತುಣುಕು. ಹೆಸರು ಹಾಗಿದ್ದರೂ ಆ ಹಕ್ಕಿ ಇಂಡಿಯದ್ದಲ್ಲ, ಕಾಗೆಯೂ ಅಲ್ಲ; ದಕ್ಷಿಣ ಅಮೆರಿಕದ ಕಾಡಿನ ಹಣ್ಣುಬಾಕ ಹಕ್ಕಿ. ಒಡಲು ಎರಡು ಸಮಭಾಗ: ಹಿಂದೆ ಹಳದಿ ರೇಷ್ಮೆ, ಮುಂದೆ ಕಪ್ಪು ರೇಷ್ಮೆ, ಎರಡರ ಮೇಲೂ ಬೆಳ್ಳಿ ಜರಿಯ ಸುತ್ತು. ನಡುವಿನ ಕೂಡಿಕೆಯಲ್ಲಿ ಟೂಕನ್ ಹಕ್ಕಿಯ ಹಳದಿ ಗರಿ. ಕುತ್ತಿಗೆಗೆ ಆಫ್ರಿಕದ ಗಿನಿಕೋಳಿಯ ಚುಕ್ಕೆ ಗರಿ. ರೆಕ್ಕೆಯಲ್ಲಿ ಟರ್ಕಿಕೋಳಿ, ಬಸ್ಟರ್ಡ್, ನವಿಲು, ಮಕಾವ್ ಗಿಳಿ, ಬಣ್ಣ ಹಾಕಿದ ಹಂಸದ ಗರಿ. ಇವುಗಳ ಒಂದೊಂದೇ ಎಳೆಯನ್ನು ಪಕ್ಕಪಕ್ಕಕ್ಕೆ ಕೂಡಿಸಿ ಒಂದೇ ಗರಿ ಎನ್ನುವಂತೆ ಮಾಡಿರುತ್ತಾರೆ. ಕೆನ್ನೆಗೆ ದಕ್ಷಿಣ ಅಮೆರಿಕದ ಕೊಟಿಂಗಾ ಹಕ್ಕಿಯ ನೀಲಿ. ಪಕ್ಕಕ್ಕೆ, ಕಣ್ಣಿನಂತೆ ಹೊಳೆಯುವ ಕಾಡುಕೋಳಿಯ ಗರಿ. ಗಾಳದ ತುದಿಯಲ್ಲಿ ಕರಿಯ ಮೆರುಗೆಣ್ಣೆಯ ಒಂದು ಚಿಕ್ಕ ತಲೆ.

ಸಾಮ್ರಾಜ್ಯದ ಹಡಗುಗಳು ಹೊತ್ತು ತಂದ ಸರಕಿನ ಪಟ್ಟಿಯೇ ಒಂದು ಗಾಳದ ಮೇಲೆ ಕುಳಿತಿದೆ. ವಿಚಿತ್ರವೆಂದರೆ, ಮೊಟ್ಟೆಯಿಡಲು ಸಮುದ್ರದಿಂದ ಹೊಳೆಗೆ ಮರಳುವ ಸಾಲ್ಮನ್ ಆ ಕಾಲದಲ್ಲಿ ಮೇವು ತಿನ್ನುವುದನ್ನೇ ನಿಲ್ಲಿಸಿರುತ್ತದೆ. ಅದು ಗಾಳಕ್ಕೆ ಬಾಯಿ ಹಾಕುವುದು ಹಸಿವಿನಿಂದಲ್ಲ. ಹಾಗಿರುವಾಗ ಟೂಕನ್ ಬದಲು ಹಳದಿ ಬಣ್ಣದ ಕೋಳಿಗರಿ ಕಟ್ಟಿದರೆ ಅದಕ್ಕೇನೂ ನಷ್ಟವಿರಲಿಲ್ಲ. ಇಷ್ಟು ಸಿಂಗಾರಕ್ಕೆ ಮೊದಲು ಸಿಕ್ಕಿಬಿದ್ದವನು ಗಾಳ ಹಿಡಿದವನೇ. ಸಂಗ್ರಹದ ಹುಚ್ಚಿನ ಬೇರು ಇಲ್ಲಿದೆ: ಮೀನಿಗೆ ಬೇಡದ್ದನ್ನು ಮನುಷ್ಯನಿಗಾಗಿ ಕಟ್ಟಿದ ಗಳಿಗೆಯಲ್ಲೇ ಫ್ಲೈ ಅರ್ಧ ಸಂಗ್ರಹಯೋಗ್ಯವಾಗಿಬಿಟ್ಟಿತು.

ಹಳೆಯ ಸಾಲ್ಮನ್ ಫ್ಲೈಯ ತುದಿಯನ್ನು ಮತ್ತೂ ಹತ್ತಿರದಿಂದ ನೋಡಿದರೆ ಗಾಳಕ್ಕೆ ಕಣ್ಣಿರುವುದಿಲ್ಲ; ದಾರ ಪೋಣಿಸಲು ಕಂದುಬಣ್ಣದ ಒಂದು ಕುಣಿಕೆ ಕಟ್ಟಿರುತ್ತದೆ. ಅದು ರೇಷ್ಮೆಹುಳುವಿನ ಕರುಳೆಂದು ಹೆಸರಾದರೂ ನಿಜಕ್ಕೂ ಅದರ ರೇಷ್ಮೆ ಗ್ರಂಥಿ. ರಾಮನಗರದ ಕಡೆಯ ರೈತ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ಹಂತದಲ್ಲಿ, ಸ್ಪೇನಿನ ಮುರ್ಸಿಯದವರು ಅದನ್ನು ವಿನಿಗರಿನಲ್ಲಿ ನೆನೆಹಾಕಿ, ಗ್ರಂಥಿಯನ್ನು ಹೊರತೆಗೆದು ಒಂದೇ ಗಟ್ಟಿ ಎಳೆಯಾಗಿ ಎಳೆಯುತ್ತಿದ್ದರು. ಈ ಎಳೆ ಒಣಗಿದರೆ ಕಡ್ಡಿಯಂತೆ ಮುರಿಯುತ್ತದೆ. ಬಳಸುವ ಮುನ್ನ ನೆನೆಸಲೇಬೇಕು. ನೂರು ವರ್ಷ ಒಣಗಿದ ಕುಣಿಕೆ ಮೀನಿನ ಭಾರ ತಡೆಯಲಾರದು. ಅಂದರೆ ಸಂಗ್ರಾಹಕನ ಕೈಗೆ ಬರುವ ಹೊತ್ತಿಗೆ ಹಳೆಯ ಫ್ಲೈ ಕಸುಬಿನಿಂದ ನಿವೃತ್ತವಾಗಿರುತ್ತದೆ.

3. ನಮ್ಮ ಕಾಡಿನ ಗರಿ

ಇಂಗ್ಲಿಷ್ ಕಸುಬಿನವರ ‘ಜಂಗಲ್ ಕಾಕ್’ ನಮ್ಮ ಬೂದು ಕಾಡುಕೋಳಿಯ ಹುಂಜ. ಪರ್ಯಾಯ ದ್ವೀಪ ಭಾರತ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇರದ ಹಕ್ಕಿ. ಕೊಡಗು, ಮಲೆನಾಡುಗಳಲ್ಲಿ ಬೆಳಗಿನ ಜಾವ ಅದರ ಕೂಗು ಕೇಳದವರಿಲ್ಲ. ಫ್ರೆಂಚ್ ನಿಸರ್ಗ ಶೋಧಕ ಸೊನ್ನೆರಾನ ನೆನಪಿಗೆ 1813ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟವನು ಟೆಮಿಂಕ್.

ಹುಂಜದ ಕುತ್ತಿಗೆಯ ಒಂದು ಗರಿಯನ್ನು ಬೆಳಕಿಗೆ ಹಿಡಿಯಿರಿ. ನಡುವಿನ ದಂಟು ತುದಿಯ ಹತ್ತಿರ ಅಗಲಗೊಂಡು, ಎಳೆಗಳಿರಬೇಕಾದ ಜಾಗದಲ್ಲಿ ಅರಗಿನ ಹನಿ ಬಿದ್ದು ಗಟ್ಟಿಯಾದ ಹಾಗೆ ಕಾಣುತ್ತದೆ. ಒಂದು ಹನಿ ಕೆನೆಬಿಳಿ, ತುದಿಯದು ಜೇನಿನ ಹಳದಿ. ನೀರಲ್ಲಿ ನೆನೆದರೂ ಅದರ ಹೊಳಪು ಮಾಸದು. ಫ್ಲೈ ಕಟ್ಟುವವರು ಇದನ್ನು ‘ಕಣ್ಣು’ ಎನ್ನುವುದು ಇದಕ್ಕೇ. ಸಂತಾನಕಾಲ ಮುಗಿದ ಮೇಲೆ, ಮಳೆಗಾಲದ ಹೊತ್ತಿಗೆ, ಹುಂಜ ಈ ಗರಿಗಳನ್ನು ಉದುರಿಸಿ ಕೆಲವು ತಿಂಗಳು ಬರೀ ಕರಿಯ ಗಿಡ್ಡ ಗರಿಯಲ್ಲಿ ತಿರುಗುತ್ತದೆ. ಕಣ್ಣುಗರಿಯಿರುವ ಕುತ್ತಿಗೆ ಚರ್ಮ ಹಡಗು ಹತ್ತಿತೆಂದರೆ, ಹಕ್ಕಿ ಪೂರ್ಣ ಸಿಂಗಾರದಲ್ಲಿದ್ದಾಗಲೇ ಅದನ್ನು ಕೊಂದಿದ್ದಾರೆ ಎಂದರ್ಥ.

ಈ ಗರಿ ಕಾಲನಿರ್ಣಯಕ್ಕೂ ಸಾಕ್ಷಿ. ಕಾಡುಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು ಭಾರತ ಸರ್ಕಾರ 1902ರಲ್ಲಿ ನಿಷೇಧಿಸಿತು. ಅಮೆರಿಕ 1913ರಲ್ಲಿ, ಬ್ರಿಟನ್ 1921ರಲ್ಲಿ ಗರಿಗಳ ಆಮದಿಗೆ ತಡೆಯೊಡ್ಡಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಇಲ್ಲಿ ಬೇಟೆಯೇ ಅಪರಾಧ. ಪಶ್ಚಿಮದಲ್ಲಿ ಇಂದು ಸಾಕಿದ ಹಕ್ಕಿಗಳ ಗರಿ ಸಿಗುತ್ತದೆ, ಬಣ್ಣ ಬಳಿದ ನಕಲಿ ಕಣ್ಣುಗಳೂ ಇವೆ. ಹೀಗಾಗಿ ಹಳೆಯ ಫ್ಲೈಯ ಒಂದು ಜೊತೆ ಕಣ್ಣುಗರಿ ಕಾನೂನಿನ ಇತಿಹಾಸವನ್ನೂ ಮೈಮೇಲೆ ಹೊತ್ತಿರುತ್ತದೆ. ಅದು ಯಾವ ಕಾಡಿನದು, ಯಾರ ಉರುಳಿಗೆ ಬಿದ್ದದ್ದು ಎಂಬುದನ್ನು ಮಾತ್ರ ಯಾವ ಅಂಗಡಿಯವನೂ ಬರೆದಿಡಲಿಲ್ಲ.

ಗಾಳವಿದ್ಯೆಯ ಬರಹಕ್ಕೂ ನಮ್ಮ ನಾಡಿಗೂ ಇನ್ನೊಂದು ನಂಟಿದೆ. ದಕ್ಷಿಣ ಕನ್ನಡದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ. ಆ ಹಕ್ಕಿ ಕೂಗುವ ನಾಡಿನಲ್ಲೇ ಗಾಳದ ಪುಸ್ತಕವೂ ಹುಟ್ಟಿತು.

4. ಸಹಿಯಿಲ್ಲದ ಕೈ

ಚಿತ್ರಕಾರ ಮೂಲೆಯಲ್ಲಿ ಹೆಸರು ಬರೆಯಬಹುದು, ಅಕ್ಕಸಾಲಿ ಮುದ್ರೆ ಒತ್ತಬಹುದು. ಫ್ಲೈಯ ಮೇಲೆ ಹೆಸರು ಬರೆಯಲು ಜಾಗವಿಲ್ಲ. ಕಟ್ಟಿದವರು ಯಾರೆಂದು ತೀರ್ಮಾನಿಸುವುದು ಈ ಕ್ಷೇತ್ರದ ಅತಿ ಕಷ್ಟದ ಕೆಲಸ.

ಇದಕ್ಕೆ ಅಪವಾದದಂತೆ ನಿಲ್ಲುವವರು ಅಮೆರಿಕದ ಮೇನ್ ರಾಜ್ಯದ ಕ್ಯಾರಿ ಸ್ಟೀವನ್ಸ್. 1924ರ ಜುಲೈ 1ರಂದು ಅಪ್ಪರ್ ಡ್ಯಾಮ್ ಎಂಬಲ್ಲಿ ಅವರು ತಾವೇ ಕಟ್ಟಿದ ಫ್ಲೈಯಿಂದ 6 ಪೌಂಡ್ 13 ಔನ್ಸ್ (ಸುಮಾರು 3.1 ಕಿಲೋ) ತೂಕದ ಬ್ರೂಕ್ ಟ್ರೌಟ್ ಹಿಡಿದರು. ಆ ಮೀನಿಗೆ ‘ಫೀಲ್ಡ್ ಅಂಡ್ ಸ್ಟ್ರೀಮ್’ ಪತ್ರಿಕೆಯ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಬಂದದ್ದೇ ತಡ, ಊರೂರಿಂದ ಬೇಡಿಕೆ ಬಂತು. ಮುಂದೆ ಅವರ ‘ಗ್ರೇ ಗೋಸ್ಟ್’ ಜಗತ್ತಿನ ಹೆಸರಾಂತ ಫ್ಲೈಗಳಲ್ಲಿ ಒಂದಾಯಿತು. ಅದರ ಕೆನ್ನೆಯಲ್ಲೂ ಇರುವುದು ನಮ್ಮ ಕಾಡುಕೋಳಿಯ ಕಣ್ಣು. ಅವರು ಇಕ್ಕಳದ ಆಸರೆಯಿಲ್ಲದೆ, ಗಾಳವನ್ನು ಬೆರಳಲ್ಲೇ ಹಿಡಿದು ಕಟ್ಟುತ್ತಿದ್ದರು. ಕರಿಯ ತಲೆಯ ನಡುವೆ ಕಿತ್ತಳೆಗೆಂಪು ನೂಲಿನ ಒಂದು ಸಣ್ಣ ಪಟ್ಟಿ ಅವರ ಗುರುತು. ಅಚ್ಚು ಹಾಕಿಸಿದ ಕಾರ್ಡಿಗೆ ಸಿಕ್ಕಿಸಿ ಮಾರುತ್ತಿದ್ದರು. 1953ರಲ್ಲಿ ವ್ಯಾಪಾರವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಇಂದು ಅವರ ಮೂಲ ಕಾರ್ಡಿನ ಸಮೇತ ಉಳಿದ ಫ್ಲೈ ನೂರಾರು ಡಾಲರಿನ ಮಾತು. ಪಟ್ಟಿಯನ್ನು ಯಾರು ಬೇಕಾದರೂ ಅನುಕರಿಸಬಹುದಾದ್ದರಿಂದ, ನಂಬಿಕೆಯ ಭಾರವನ್ನು ಕೊನೆಗೂ ಹೊರುವುದು ಆ ಕಾಗದದ ಕಾರ್ಡು.

ಸ್ಕಾಟ್ಲೆಂಡಿನ ಮೇಗನ್ ಬಾಯ್ಡ್ (1915–2001) ಅವರ ಕಥೆ ಬೇರೆ ಬಗೆಯದು. ಸದರ್ಲೆಂಡಿನ ಬ್ರೋರಾ ಹತ್ತಿರದ ಕಿನ್‌ಟ್ರಾಡ್ವೆಲ್‌ನಲ್ಲಿ ಬಾಳಿನ ಬಹುಭಾಗವನ್ನು ಅವರು ಸಾಲ್ಮನ್ ಫ್ಲೈ ಕಟ್ಟುತ್ತ ಕಳೆದರು. ತಾವು ಮಾತ್ರ ಮೀನು ಹಿಡಿಯಲು ಹೋದವರಲ್ಲ. ಆಗ ವೇಲ್ಸಿನ ಯುವರಾಜರಾಗಿದ್ದ ಚಾರ್ಲ್ಸ್ ಅವರ ಗಿರಾಕಿಯಾಗಿದ್ದರು. 1971ರಲ್ಲಿ ಬ್ರಿಟಿಷ್ ಎಂಪೈರ್ ಪದಕ ಬಂದಾಗ, ನಾಯಿಯನ್ನು ನೋಡಿಕೊಳ್ಳುವವರಿಲ್ಲವೆಂದು ಲಂಡನ್ನಿಗೆ ಹೋಗಲಿಲ್ಲ. 1980ರ ದಶಕದ ಕೊನೆಯಲ್ಲಿ ದೃಷ್ಟಿ ಮಂದವಾಗಿ ಕೆಲಸ ನಿಲ್ಲಿಸಿದರು. ಹೊಳೆಯಲ್ಲಿ ಸವೆಯಲೆಂದೇ ಅವರು ಕಟ್ಟಿಕೊಟ್ಟ ಫ್ಲೈಗಳನ್ನು ಈಗ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಾರೆ.

ಬಾಯ್ಡ್ ಕಲಿತ ರೀತಿ ಗಮನಿಸಬೇಕು. ಗೇಮ್‌ಕೀಪರ್ ಒಬ್ಬರ ಕೈಕೆಳಗೆ ಹಳೆಯ ಫ್ಲೈಗಳನ್ನು ಎಳೆ ಎಳೆಯಾಗಿ ಬಿಚ್ಚಿ, ಅದೇ ಸಾಮಗ್ರಿಯನ್ನು ಚಿಕ್ಕ ಗಾಳಕ್ಕೆ ಮತ್ತೆ ಕಟ್ಟುವುದು ಅವರ ಮೊದಲ ಪಾಠ. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಸೀಮೆಯಲ್ಲಿ ವಾಲ್ಟ್ ಡೆಟ್ ಕಲಿತದ್ದೂ ಹೀಗೆಯೇ. ರೂಬೆನ್ ಕ್ರಾಸ್ ಗುಟ್ಟು ಹೇಳಿಕೊಡಲು ಒಪ್ಪದಿದ್ದಾಗ ಅವರ ಫ್ಲೈಗಳನ್ನೇ ಕೊಂಡು ತಂದು ಬಿಚ್ಚಿ ನೋಡಿದರು. ಕಟ್ಟಿದ ಕೈ ನಿಜವಾಗಿ ಕಾಣುವುದು ಒಳಗಿನ ನೂಲಿನಲ್ಲಿ: ಎಷ್ಟು ಸುತ್ತು, ಯಾವ ಬಿಗಿ, ಗರಿಯ ಬುಡವನ್ನು ಎಲ್ಲಿ ಕತ್ತರಿಸಿದ್ದು. ಆದರೆ ಅದನ್ನು ಓದಬೇಕಾದರೆ ಬಿಚ್ಚಬೇಕು, ಬಿಚ್ಚಿದರೆ ಫ್ಲೈ ಉಳಿಯದು. ಓದುವುದಕ್ಕೇ ಹರಿಯಬೇಕಾದ ಓಲೆ ಇದು. ಕಲಿಯುವವನು ಹರಿಯುತ್ತಾನೆ, ಸಂಗ್ರಾಹಕ ಹರಿಯಲಾರ. ಆದ್ದರಿಂದ ಅವನಿಗೆ ಹೊರಗಿನ ಚೀಟಿಯೇ ಗತಿ.

5. ಹೊರಗಿನ ಸಾಕ್ಷ್ಯಗಳು

ಬಿಚ್ಚದೆಯೂ ತಿಳಿಯುವ ಸಂಗತಿಗಳಿವೆ. ಕಣ್ಣಿಲ್ಲದ ಗಾಳಕ್ಕೆ ರೇಷ್ಮೆ ಗ್ರಂಥಿಯ ಕುಣಿಕೆ ಇದ್ದರೆ ಹಳೆಯ ಪದ್ಧತಿ. ನಿಜವಾದ ಬೆಳ್ಳಿ ಜರಿ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಜರಿ ಕಪ್ಪಾಗದು. ಹೊಳಪುಕಾರಕ ರಾಸಾಯನಿಕ ಸೇರಿದ ಆಧುನಿಕ ಬಿಳಿ ನೂಲು ಅತಿನೇರಳೆ ದೀಪದಡಿ ನೀಲಿಯಾಗಿ ಬೆಳಗುತ್ತದೆ. ವಿಕ್ಟೋರಿಯಾ ಕಾಲದ್ದೆಂದು ಹೇಳಿಕೊಳ್ಳುವ ಫ್ಲೈ ಹಾಗೆ ಬೆಳಗಿದರೆ ಅನುಮಾನಪಡಬೇಕು. ಇಷ್ಟಾದರೂ ಇವೆಲ್ಲ ಕಾಲವನ್ನು ಹೇಳುತ್ತವೆ, ಕರ್ತೃವನ್ನು ಹೇಳುವುದಿಲ್ಲ.

ಕರ್ತೃವನ್ನು ಹೇಳುವುದು ಕಾಗದ. 1890ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಹಾಲ್ಫರ್ಡ್ ತಮ್ಮ ತೇಲುವ ಫ್ಲೈಗಳ ಮಾದರಿಗಳನ್ನು ಅಮೆರಿಕದ ಥಿಯೋಡರ್ ಗಾರ್ಡನ್ ಅವರಿಗೆ ಪತ್ರದೊಡನೆ ಕಳುಹಿಸಿದರು. ಅಮೆರಿಕದ ತೇಲುಫ್ಲೈ ಪರಂಪರೆಯ ಕಥೆಯನ್ನು ಆ ಲಕೋಟೆಯಿಂದ ಶುರುಮಾಡುವ ವಾಡಿಕೆಯಿದೆ. ಪತ್ರವನ್ನು ಪಕ್ಕಕ್ಕಿಟ್ಟರೆ ಅವು ಆ ಕಾಲದ ಇತರ ಇಂಗ್ಲಿಷ್ ಫ್ಲೈಗಳಂತೆಯೇ. ಹೆಸರಿನ ಗೊಂದಲವೂ ದೊಡ್ಡದಿತ್ತು: ಒಂದೇ ಫ್ಲೈಗೆ ಊರಿಗೊಂದು ಹೆಸರು, ಒಂದೇ ಹೆಸರಿಗೆ ಊರಿಗೊಂದು ಫ್ಲೈ. ಮೇರಿ ಆರ್ವಿಸ್ ಮಾರ್ಬರಿ ಅಮೆರಿಕದ ನಾನಾ ಭಾಗಗಳ ಗಾಳಗಾರರಿಂದ ಪತ್ರ ತರಿಸಿಕೊಂಡು, ಬಣ್ಣದ ಚಿತ್ರಗಳೊಂದಿಗೆ 1892ರಲ್ಲಿ ಹೊರತಂದ ‘ಫೇವರಿಟ್ ಫ್ಲೈಸ್ ಅಂಡ್ ದೇರ್ ಹಿಸ್ಟರೀಸ್’ ಗ್ರಂಥ ಆ ಗೊಂದಲಕ್ಕೆ ಕಡಿವಾಣ ಹಾಕಿತು. ವರ್ಮಾಂಟಿನ ಮ್ಯಾಂಚೆಸ್ಟರಿನಲ್ಲಿ 1968ರಲ್ಲಿ ಸ್ಥಾಪನೆಯಾದ ಅಮೆರಿಕನ್ ಮ್ಯೂಸಿಯಂ ಆಫ್ ಫ್ಲೈ ಫಿಷಿಂಗ್ ಫ್ಲೈಗಳ ಜೊತೆಗೆ ಅವುಗಳ ಕಾಗದಪತ್ರವನ್ನೂ ಕಾಯುತ್ತ ಬಂದಿದೆ.

6. ಹಲ್ಲಿನ ಗುರುತು

ಈಗ ಮಮತೆಯ ಬೆಲೆ. ತೀರಿಹೋದ ಅಜ್ಜನ ಚರ್ಮದ ಫ್ಲೈ ಚೀಲವೊಂದನ್ನು ಮನೆಯವರು ತೆರೆದರು ಎಂದುಕೊಳ್ಳಿ. ಒಳಗಿನ ಉಣ್ಣೆಬಟ್ಟೆಯ ಹಾಳೆಗಳಲ್ಲಿ ಮೂವತ್ತು ನಲವತ್ತು ಫ್ಲೈಗಳು. ಕೆಲವು ಹೊಸದರಂತೆಯೇ ಇವೆ. ಒಂದು ಮಾತ್ರ ಒಡಲ ರೇಷ್ಮೆ ಹರಿದು, ಒಂದು ಕಡೆಯ ಕಣ್ಣುಗರಿ ಉದುರಿ, ಗಾಳದ ಸುತ್ತ ಬಟ್ಟೆಗೆ ತುಕ್ಕಿನ ಕಲೆ ಹತ್ತಿಸಿ ಕುಳಿತಿದೆ. ಹರಿದದ್ದು ಮೀನಿನ ಹಲ್ಲಿಗೆ. ಮೊಮ್ಮಗಳು ಆರಿಸಿಕೊಳ್ಳುವುದು ಅದನ್ನೇ. ಹರಾಜುದಾರ ಮೊದಲು ಬದಿಗಿಡುವುದೂ ಅದನ್ನೇ. ಅವನ ಪಟ್ಟಿಯಲ್ಲಿ ‘ನೀರು ಕಾಣದ್ದು’ ಎಂಬ ಮಾತಿಗೆ ಹಣ; ಅವಳ ಪಟ್ಟಿಯಲ್ಲಿ ನೀರು ಕಂಡದ್ದೇ ಅದರ ಬೆಲೆ.

ಇಬ್ಬರೂ ತಪ್ಪಿಲ್ಲ. ಪೇಟೆ ಕೊಳ್ಳುವುದು ಕಟ್ಟಿದವರ ಕೈಯನ್ನು. ಆ ಕೈ ಬಿಟ್ಟಾಗ ಹೇಗಿತ್ತೋ ಹಾಗೇ ಇರಬೇಕೆಂದು ಬಯಸುತ್ತದೆ. ಮನೆಯವರು ಉಳಿಸಿಕೊಳ್ಳುವುದು ಬಳಸಿದವರ ಕೈಯನ್ನು. ಸವೆತವೇ ಅದರ ಗುರುತು. ಒಂದೇ ವಸ್ತುವಿನ ಮೇಲೆ ಎರಡು ಕೈ ಬಿದ್ದಿವೆ, ಒಂದರ ಗುರುತು ಉಳಿಯಲು ಇನ್ನೊಂದರದು ಅಳಿಯಬೇಕು. ಇವೆರಡೂ ಕೂಡುವುದು ಒಂದೇ ಸಂದರ್ಭದಲ್ಲಿ: ಬಳಸಿದವರೂ ಹೆಸರಾಂತರಾಗಿದ್ದು, ಅದಕ್ಕೆ ಬರಹದ ಸಾಕ್ಷ್ಯ ಇದ್ದಾಗ. ಅಲ್ಲಿಯೂ ತೀರ್ಪು ಕೊಡುವುದು ಚೀಟಿಯೇ. ಹಲ್ಲಿನ ಗುರುತು ಯಾವ ಮೀನಿನದು, ಯಾವ ದಿನದ್ದು ಎಂದು ಬಲ್ಲವರು ತೀರಿಕೊಂಡ ಮೇಲೆ ಅದು ಬರೀ ಹರಿದ ರೇಷ್ಮೆ.

7. ಚೀಟಿ ಕಿತ್ತ ಹಕ್ಕಿಗಳು

ಚೀಟಿ ಕಳೆದರೆ ಏನಾಗುತ್ತದೆ ಎಂಬುದಕ್ಕೆ ಈ ಕ್ಷೇತ್ರದಲ್ಲೇ ಕ್ರೂರ ಉದಾಹರಣೆಯೊಂದಿದೆ. 2009ರ ಜೂನಿನಲ್ಲಿ, ವಿಕ್ಟೋರಿಯಾ ಮಾದರಿಯ ಫ್ಲೈ ಕಟ್ಟುವುದರಲ್ಲಿ ನುರಿತಿದ್ದ ಅಮೆರಿಕದ ಸಂಗೀತ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನ ಟ್ರಿಂಗ್‌ನಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಹಕ್ಕಿ ಭಂಡಾರಕ್ಕೆ ಕಿಟಕಿಯಿಂದ ನುಗ್ಗಿ 299 ಹಕ್ಕಿ ಚರ್ಮಗಳನ್ನು ಕದ್ದ. ಅವುಗಳಲ್ಲಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ 19ನೆಯ ಶತಮಾನದಲ್ಲಿ ಸಂಗ್ರಹಿಸಿದ ಸ್ವರ್ಗದ ಹಕ್ಕಿಗಳೂ ಇದ್ದವು. ಕೊಟಿಂಗಾ, ‘ಇಂಡಿಯನ್ ಕ್ರೋ’ಗಳ ಗರಿಗಳು ಫ್ಲೈ ಕಟ್ಟುವವರಿಗೆ ಮಾರಾಟವಾದವು. ಮರುವರ್ಷ ಅವನು ಸಿಕ್ಕಿಬಿದ್ದಾಗ ಇಡಿಯಾಗಿ ದೊರೆತವು 174; ಅವುಗಳಲ್ಲಿ ಚೀಟಿ ಉಳಿದಿದ್ದದ್ದು 102ಕ್ಕೆ. 2011ರಲ್ಲಿ ನ್ಯಾಯಾಲಯ 12 ತಿಂಗಳ ಅಮಾನತು ಶಿಕ್ಷೆ ಕೊಟ್ಟು, 1,25,150 ಪೌಂಡ್ ಕಟ್ಟಲು ಆದೇಶಿಸಿತು.

ಚೀಟಿ ಕಿತ್ತ 72 ಹಕ್ಕಿಗಳ ಬಣ್ಣ ಮಾಸಿರಲಿಲ್ಲ, ಗರಿ ಉದುರಿರಲಿಲ್ಲ. ಫ್ಲೈ ಕಟ್ಟುವವನ ಕಣ್ಣಿಗೆ ಅವುಗಳಲ್ಲಿ ಯಾವ ಊನವೂ ಇಲ್ಲ. ವಿಜ್ಞಾನಕ್ಕೆ ಮಾತ್ರ ಅವು ಹೆಚ್ಚುಕಡಿಮೆ ಮೂಕವಾದವು, ಏಕೆಂದರೆ ಯಾವ ದ್ವೀಪ, ಯಾವ ದಿನ ಎಂಬುದೆಲ್ಲ ಇದ್ದದ್ದು ಕಾಲಿಗೆ ಕಟ್ಟಿದ ಆ ತುಂಡು ಕಾಗದದಲ್ಲಿ. ಒಂದೇ ಹಕ್ಕಿಗೆ ಎರಡು ಬೆಲೆಯಿತ್ತು, ಕಳ್ಳ ಒಂದನ್ನು ಮಾರಲು ಇನ್ನೊಂದನ್ನು ಕಿತ್ತ. ಗರಿಯನ್ನು ಮಾತ್ರ ಪ್ರೀತಿಸಿ ಅದು ಬಂದ ದಾರಿಯನ್ನು ಕೇಳದ ಸಂಗ್ರಾಹಕ ದಂಡನೆಗೆ ಒಳಗಾಗದಿರಬಹುದು, ಆದರೆ ನಿಂತಿರುವುದು ಅದೇ ದಾರಿಯಲ್ಲಿ.

8. ನಿಗಮನ

ಫ್ಲೈಗಳಿಗೆ ಶತ್ರುಗಳು ಬಹಳ: ನುಸಿ, ಗರಿ ತಿನ್ನುವ ಜೀರುಂಡೆಯ ಮರಿ, ಬಿಸಿಲು, ತುಕ್ಕು. ನುಸಿಗುಳಿಗೆ, ಬಿಗಿಯಾದ ಡಬ್ಬಿ, ಕತ್ತಲೆಯ ಕಪಾಟುಗಳಿಂದ ಇವನ್ನು ತಕ್ಕಮಟ್ಟಿಗೆ ತಡೆಯಬಹುದು. ಮರೆವನ್ನು ತಡೆಯಲು ಬೇಕಾದದ್ದು ಪೆನ್ಸಿಲ್ ಒಂದೇ. ಪ್ರತಿ ಫ್ಲೈಯ ಜೊತೆ ಐದು ಸಂಗತಿ ಬರೆದಿಟ್ಟರೆ ಸಾಕು: ಮಾದರಿಯ ಹೆಸರು, ಕಟ್ಟಿದವರು, ಕಟ್ಟಿದ ಕಾಲ, ಗರಿ ಬಂದ ಮೂಲ, ಬಳಸಿದ್ದರೆ ಯಾರು, ಎಲ್ಲಿ. ಮೊದಲ ಮೂರು ಪೇಟೆಗೆ, ಕೊನೆಯದು ಮನೆಗೆ. ನಾಲ್ಕನೆಯದನ್ನು ಈವರೆಗೆ ಕೇಳಿದವರು ವಿರಳ. ಸಾಕಿದ ಹಕ್ಕಿಯ ಗರಿಯೋ, ನಿಷೇಧಕ್ಕೆ ಮುಂಚಿನದೋ, ಕದ್ದದ್ದೋ ಎಂಬ ಲೆಕ್ಕ ಇನ್ನು ಮುಂದೆ ಅದರಿಂದಲೇ ತೀರ್ಮಾನವಾಗಬೇಕು.

ಏಲಿಯನ್ ಹೇಳಿದ ಮ್ಯಾಸಿಡೋನಿಯದ ಫ್ಲೈಗಳಲ್ಲಿ ಒಂದೂ ಉಳಿದಿಲ್ಲ. ಕಟ್ಟಿದವರ ಹೆಸರು ಉಳಿದಿಲ್ಲ, ಹಿಡಿದ ಮೀನಿನ ಲೆಕ್ಕವಿಲ್ಲ. ಆದರೂ ಉಣ್ಣೆ ಕೆಂಪಾಗಿತ್ತು, ಗರಿ ಹುಂಜದ ಜೋಲಿನ ಕೆಳಗಿನದು, ಎರಡೇ ಇದ್ದವು, ಬಣ್ಣ ಮೇಣದ್ದು ಎಂದು ಇಂದಿಗೂ ಹೇಳಬಲ್ಲೆವು. ಬೇಕೆಂದರೆ ಸಂಜೆಯೊಳಗೆ ಒಂದನ್ನು ಕಟ್ಟಿಯೂ ಬಿಡಬಹುದು.